ವ್ಯಾನ್ ಬ್ಯೂರನ್: ಒಂದು ಡಚ್ ಮನೆತನದ ಹೆಸರು ಅಮೆರಿಕದಲ್ಲಿ ಬೇರೂರಿದ ಬಗೆ

ಅಮೆರಿಕದ ನಕ್ಷೆಯನ್ನು ಹರಡಿಕೊಂಡು ಕುಳಿತರೆ ವ್ಯಾನ್ ಬ್ಯೂರನ್ ಎಂಬ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮಿಷಿಗನ್, ಅಯೋವಾ, ಟೆನ್ನೆಸ್ಸೀ ಮತ್ತು ಅರ್ಕನ್ಸಾ ರಾಜ್ಯಗಳಲ್ಲಿ ಈ ಹೆಸರಿನ ಕೌಂಟಿಗಳಿವೆ. ಅರ್ಕನ್ಸಾದಲ್ಲಿಯೂ ಕೆನಡಾದ ಗಡಿಗೆ ಅಂಟಿಕೊಂಡ ಮೇಯ್ನ್ ರಾಜ್ಯದಲ್ಲಿಯೂ ಇದೇ ಹೆಸರಿನ ಊರುಗಳಿವೆ. ಷಿಕಾಗೊ ಮತ್ತು ಫೀನಿಕ್ಸ್ ನಗರಗಳಲ್ಲಿ ದೊಡ್ಡ ಬೀದಿಗಳೇ ಇವೆ. ಇವೆಲ್ಲವೂ ದೇಶದ ಎಂಟನೆಯ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಅವರ ನೆನಪಿಗೆ ಇಟ್ಟ ಹೆಸರುಗಳು. ಆದರೆ ಆ ಅಧ್ಯಕ್ಷರಿಗೆ ಈ ಹೆಸರು ಎಲ್ಲಿಂದ ಬಂತು, ಅದೇ ಹೆಸರು ಇಂದು ಇಷ್ಟು ಮಂದಿಯ ಬೆನ್ನಿಗೆ ಹೇಗೆ ಅಂಟಿಕೊಂಡಿತು ಎಂದು ಕೇಳಿಕೊಂಡು ಹೊರಟರೆ, ಹಡ್ಸನ್ ನದಿಯ ದಂಡೆಯ ಒಂದು ಗೇಣಿ ಜಮೀನಿನಿಂದ ಹಿಡಿದು ವಾಷಿಂಗ್ಟನ್ನಿನ ವಲಸೆ ಕಾನೂನಿನವರೆಗೆ ಹೋಗಬೇಕಾಗುತ್ತದೆ.

ನಾನು ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಸಮೀಪದಲ್ಲಿ ವಾಸಿಸುತ್ತಿರುವುದರಿಂದ ಈ ಕಥೆಯ ಮೊದಲ ಅರ್ಧ ನಡೆದದ್ದು ನನ್ನ ಮನೆಯ ಸುತ್ತಮುತ್ತಲೇ. ಇಲ್ಲಿನ ಅಂಚೆ ಪೆಟ್ಟಿಗೆಗಳ ಮೇಲೆ, ಸ್ಮಶಾನದ ಕಲ್ಲುಗಳ ಮೇಲೆ, ಶಾಲೆಯ ಹಾಜರಿ ಪಟ್ಟಿಗಳಲ್ಲಿ ವ್ಯಾನ್ ಎಂದು ಆರಂಭವಾಗುವ ಹೆಸರುಗಳು ಹೇರಳವಾಗಿವೆ. ಇವರೆಲ್ಲ ಯಾರೋ ಒಬ್ಬ ಮೂಲಪುರುಷನ ಸಂತಾನ, ಹೆಸರು ಎಂದರೆ ರಕ್ತದ ಗುರುತು ಎಂಬ ನಂಬಿಕೆ ಇಲ್ಲಿನವರಲ್ಲಿ ಸಾಮಾನ್ಯ. ಹಳೆಯ ದಾಖಲೆಗಳನ್ನು ಓದುತ್ತ ಹೋದಂತೆ ನನಗೆ ಬೇರೊಂದು ಚಿತ್ರ ಕಾಣಿಸಿತು. ಹೆಸರನ್ನು ಹುಟ್ಟಿಸಿದ್ದು, ಹರಡಿದ್ದು ಮತ್ತು ಉಳಿಸಿದ್ದು ರಕ್ತಕ್ಕಿಂತ ಹೆಚ್ಚಾಗಿ ಕಾಗದ: ಗೇಣಿಯ ಲೆಕ್ಕಪತ್ರ, ಚರ್ಚಿನ ದೀಕ್ಷಾಸ್ನಾನದ ಪುಸ್ತಕ, ನ್ಯಾಯಾಲಯದ ಕಡತ, ಜನಗಣತಿಯ ಹಾಳೆ.

ಮೂಲದಿಂದಲೇ ಆರಂಭಿಸುತ್ತೇನೆ. ಬ್ಯೂರನ್ ಎಂಬುದು ನೆದರ್ಲೆಂಡ್ಸ್‌ನ ಗೆಲ್ಡರ್ಲೆಂಡ್ ಪ್ರಾಂತ್ಯದ ಒಂದು ಪುಟ್ಟ ಪಟ್ಟಣ. ಅದರ ಪಕ್ಕದಲ್ಲೇ ಬ್ಯೂರ್‌ಮಾಲ್ಸನ್ ಎಂಬ ಹಳ್ಳಿಯಿದೆ. ಆ ಕಡೆಯ ಕಾರ್ನೆಲಿಸ್ ಮಾಸನ್ ಎಂಬ ರೈತ 1631ರಲ್ಲಿ ಮೊದಲ ಬಾರಿಗೆ ಅಟ್ಲಾಂಟಿಕ್ ದಾಟಿ, ಅಂದು ಡಚ್ಚರ ವಸಾಹತಾಗಿದ್ದ ನ್ಯೂ ನೆದರ್ಲೆಂಡ್‌ಗೆ ಬಂದ. ಆಮ್‌ಸ್ಟರ್ಡ್ಯಾಮಿನ ವಜ್ರ ವ್ಯಾಪಾರಿ ಕಿಲಿಯಾನ್ ವ್ಯಾನ್ ರೆನ್ಸೆಲಾರ್ ಹಡ್ಸನ್ ನದಿಯ ಎರಡೂ ದಂಡೆಗಳಲ್ಲಿ ಪಡೆದುಕೊಂಡಿದ್ದ ರೆನ್ಸೆಲಾರ್ಸ್‌ವೈಕ್ ಎಂಬ ವಿಶಾಲವಾದ ಜಮೀನ್ದಾರಿಯಲ್ಲಿ ದುಡಿಯಲು ಒಪ್ಪಿಕೊಂಡು ಬಂದವರಲ್ಲಿ ಅವನೂ ಒಬ್ಬ. ಒಮ್ಮೆ ಊರಿಗೆ ಹಿಂದಿರುಗಿ, 1636ರಲ್ಲಿ ಹೆಂಡತಿ ಕತಲೈನ್ಟ್ಯೆ ಮಾರ್ಟೆನ್ಸೆಯನ್ನು ಕರೆದುಕೊಂಡು ಮತ್ತೆ ಹಡಗು ಹತ್ತಿದ. ಆ ಪ್ರಯಾಣ ಮುಗಿಯುವ ಮೊದಲೇ, ನಡುಕಡಲಿನಲ್ಲಿ, ಅವರಿಗೆ ಹೆಂಡ್ರಿಕ್ ಎಂಬ ಮಗ ಹುಟ್ಟಿದ. ಆಲ್ಬನಿಯಿಂದ ಸ್ವಲ್ಪ ದಕ್ಷಿಣಕ್ಕೆ, ನದಿಯ ಪೂರ್ವ ದಂಡೆಯ ಪಾಪ್ಸ್‌ಕನೀ ಎಂಬಲ್ಲಿ ಅವರು ಒಕ್ಕಲಾದರು. ಆ ಹೆಸರು ಮೋಹಿಕನ್ ಜನರದು. ನೆಲವೂ ಮೊದಲು ಅವರದೇ.

ಅಮೆರಿಕದ ಎಲ್ಲ ವ್ಯಾನ್ ಬ್ಯೂರನ್ ವಂಶಾವಳಿಗಳಲ್ಲಿ ಮೊದಲ ಸಾಲಿನಲ್ಲಿ ಬರುವ ಈ ಮನುಷ್ಯನಿಗೆ ತನ್ನ ಕಾಲದಲ್ಲಿ ವ್ಯಾನ್ ಬ್ಯೂರನ್ ಎಂಬ ಮನೆತನದ ಹೆಸರೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಅವನ ಹೆಸರು ಕಾರ್ನೆಲಿಸ್. ತಂದೆಯ ಹೆಸರು ಮಾಸ್ ಆದ್ದರಿಂದ ಮಾಸನ್. ಒಂದೇ ಜಮೀನ್ದಾರಿಯಲ್ಲಿ ಇಬ್ಬರು ಕಾರ್ನೆಲಿಸ್ ಮಾಸನ್ನರು ಇದ್ದರೆ ಲೆಕ್ಕ ಬರೆಯುವವನಿಗೆ ತೊಡಕಾಗುತ್ತದೆ. ಆಗ ಅವನು ಊರಿನ ಹೆಸರನ್ನೂ ಸೇರಿಸಿ 'ಬ್ಯೂರನ್ನಿನವನು' ಎಂದು ಬರೆದುಕೊಳ್ಳುತ್ತಾನೆ. ಜರ್ಮನ್ನರ 'ಫಾನ್' ಎಂಬುದಕ್ಕೆ ಇರುವ ಕುಲೀನತೆಯ ಸೂಚನೆ ಡಚ್ಚರ 'ವ್ಯಾನ್' ಎಂಬುದಕ್ಕೆ ಇಲ್ಲ. ಹಳ್ಳಿಯಿಂದ ಬಂದ ಕೂಲಿಯೂ ವ್ಯಾನ್ ಆಗಬಹುದಿತ್ತು.

ಈ ಪದ್ಧತಿ ಹಳೆಯ ಮೈಸೂರಿನ ಕಡೆಯವರಿಗೆ ವಿವರಿಸಿ ಹೇಳಬೇಕಾದದ್ದಲ್ಲ. ಎಚ್. ಡಿ. ದೇವೇಗೌಡ ಎಂಬಲ್ಲಿ ಎಚ್ ಎಂದರೆ ಹರದನಹಳ್ಳಿ, ಡಿ ಎಂದರೆ ತಂದೆ ದೊಡ್ಡೇಗೌಡ. ಅವರ ಮಗ ಎಚ್. ಡಿ. ಕುಮಾರಸ್ವಾಮಿ ಎಂಬಲ್ಲಿಯೂ ಅವೇ ಎರಡು ಅಕ್ಷರಗಳಿವೆ, ಆದರೆ ಡಿ ಈಗ ದೇವೇಗೌಡ. ಊರು ನಿಂತಿದೆ, ತಂದೆಯ ಹೆಸರು ತಲೆಮಾರಿಗೊಮ್ಮೆ ಬದಲಾಗಿದೆ. ಕಾರ್ನೆಲಿಸ್ ಮಾಸನ್‌ನ ಮಗ ಮಾರ್ಟೆನ್ ಕಾರ್ನೆಲಿಸನ್, ಅವನ ಮಗ ಪೀಟರ್ ಮಾರ್ಟೆನ್ಸೆ, ಅವನ ಮಗ ಮಾರ್ಟೆನ್ ಪೀಟರ್ಸೆ ಎಂದು ಹಡ್ಸನ್ ದಂಡೆಯಲ್ಲಿ ನಡೆದದ್ದೂ ಇದೇ ಕ್ರಮದಲ್ಲಿ. ಡಚ್ಚರು ಮೊದಲು ತಮ್ಮ ಹೆಸರು, ನಂತರ ತಂದೆ, ಕೊನೆಗೆ ಊರು ಎಂದು ಹೇಳಿದರೆ ನಾವು ಅದನ್ನೇ ತಿರುವು ಮುರುವಾಗಿ ಹೇಳುತ್ತೇವೆ, ಅಷ್ಟೇ. ಹೆಂಗಸರ ವಿಷಯದಲ್ಲಿಯೂ ಡಚ್ ಪದ್ಧತಿ ಉದಾರವಾಗಿತ್ತು. ಮದುವೆಯಾದ ಮೇಲೂ ಕತಲೈನ್ಟ್ಯೆ ದಾಖಲೆಗಳಲ್ಲಿ ಮಾರ್ಟೆನ್‌ನ ಮಗಳಾಗಿಯೇ ಉಳಿದಳು. ಗಂಡನ ಹೆಸರನ್ನು ಹೊತ್ತುಕೊಳ್ಳುವ ಕಟ್ಟಳೆ ಬಂದದ್ದು ಇಂಗ್ಲಿಷರ ಆಳ್ವಿಕೆಯ ಜೊತೆಗೆ.

ಕಾರ್ನೆಲಿಸ್ ಮತ್ತು ಕತಲೈನ್ಟ್ಯೆ ಇಬ್ಬರೂ 1648ರಲ್ಲಿ ತೀರಿಕೊಂಡರು. ಅವರ ಹಿಂದೆ ಐವರು ಮಕ್ಕಳು ಉಳಿದರು. ಅವರ ಆಸ್ತಿ, ಸಾಲ, ಗೇಣಿ ಬಾಕಿಗಳ ಲೆಕ್ಕ ಜಮೀನ್ದಾರಿಯ ಕಡತಗಳಿಗೆ ಸೇರಿತು. ಇಂತಹ ಕಾಗದಗಳು ನಮ್ಮ ಕಾಲದವರೆಗೆ ಬಂದದ್ದೇ ಒಂದು ಭಾಗ್ಯ. 1911ರಲ್ಲಿ ಆಲ್ಬನಿಯ ರಾಜ್ಯ ಗ್ರಂಥಾಲಯಕ್ಕೆ ಬೆಂಕಿ ಬಿದ್ದಾಗ ಅಪಾರ ದಾಖಲೆಗಳು ಸುಟ್ಟುಹೋದವು. ಪತ್ರಾಗಾರದ ಅಧಿಕಾರಿ ಎ. ಜೆ. ಎಫ್. ವ್ಯಾನ್ ಲಾರ್ ಅವರು ಡಚ್ ಭಾಷೆಯ ಪತ್ರಗಳನ್ನು ಇಂಗ್ಲಿಷಿಗೆ ತರುವ ಕೆಲಸದಲ್ಲಿ ಮುಳುಗಿದ್ದ ಕಾಲ ಅದು. ಜಮೀನ್ದಾರಿಗೆ ಬಂದ ವಲಸಿಗರ ಪಟ್ಟಿಯನ್ನು ಅವರು 1908ರಲ್ಲಿಯೇ ಪ್ರಕಟಿಸಿದ್ದರು. ಕಾರ್ನೆಲಿಸ್ ಯಾವ ಊರಿನಿಂದ, ಯಾವ ವರ್ಷ ಬಂದ ಎಂದು ಇಂದು ನಾವು ಹೇಳಬಲ್ಲೆವಾದರೆ ಅದಕ್ಕೆ ಆ ಒಬ್ಬ ವಿದ್ವಾಂಸರ ತಾಳ್ಮೆಯೂ ಕಾರಣ.

1664ರಲ್ಲಿ ಇಂಗ್ಲಿಷರು ಈ ವಸಾಹತನ್ನು ವಶಪಡಿಸಿಕೊಂಡರು; ನಡುವೆ ಸ್ವಲ್ಪ ಕಾಲ ಡಚ್ಚರ ಕೈಗೆ ಮರಳಿದರೂ 1674ರಿಂದ ಅದು ಶಾಶ್ವತವಾಗಿ ಇಂಗ್ಲಿಷರದಾಯಿತು. ಹೆಸರನ್ನು ಬದಲಿಸಿ ಎಂದು ಯಾರೂ ಆಜ್ಞೆ ಹೊರಡಿಸಲಿಲ್ಲ. ಆದರೆ ಭೂಮಿಯ ಕ್ರಯಪತ್ರ, ಉಯಿಲು, ತೆರಿಗೆಯ ಪಟ್ಟಿ ಎಲ್ಲವೂ ಇಂಗ್ಲಿಷ್ ಪದ್ಧತಿಗೆ ತಿರುಗಿದ ಮೇಲೆ, ತಂದೆಗೂ ಮಗನಿಗೂ ಕೊನೆಯ ಹೆಸರು ಬೇರೆ ಬೇರೆಯಾಗಿದ್ದರೆ ಉತ್ತರಾಧಿಕಾರವನ್ನು ಸಾಬೀತುಪಡಿಸುವುದು ಕಷ್ಟವಾಯಿತು. ಒಂದೆರಡು ತಲೆಮಾರುಗಳಲ್ಲಿ ಕುಟುಂಬಗಳು ಯಾವುದೋ ಒಂದು ಹೆಸರನ್ನು ಹಿಡಿದು ನಿಂತವು. ಕೆಲವರು ಅಜ್ಜನ ಹೆಸರನ್ನು ಹಿಡಿದರು, ಕೆಲವರು ಕಸುಬನ್ನು, ಕೆಲವರು ತಾವು ಕಣ್ಣಿನಿಂದ ಕಂಡೇ ಇರದ ಪೂರ್ವಜರ ಊರನ್ನು.

ಈ ಆಯ್ಕೆ ಎಷ್ಟು ಆಕಸ್ಮಿಕವಾಗಿತ್ತು ಎಂಬುದಕ್ಕೆ ಇದೇ ಕುಟುಂಬದಲ್ಲಿ ಒಂದು ಒಳ್ಳೆಯ ನಿದರ್ಶನ ಇದೆ. ಕಾರ್ನೆಲಿಸ್‌ನ ಮಗ ಮಾರ್ಟೆನ್‌ನ ಸಂತತಿ ವ್ಯಾನ್ ಬ್ಯೂರನ್ ಆಯಿತು. ಇನ್ನೊಬ್ಬ ಮಗ ಮಾಸ್‌ನ ಸಂತತಿ ಬ್ಲೂಮಿಂಗ್‌ಡೇಲ್ ಆಯಿತು. ಒಡಹುಟ್ಟಿದವರ ಮಕ್ಕಳು, ಒಂದೇ ನದಿಯ ನೀರು ಕುಡಿದವರು, ಎರಡು ಮನೆತನಗಳಾದರು. 1913ರಲ್ಲಿ ಪ್ರಕಟವಾದ ಈ ಕುಟುಂಬದ ದೊಡ್ಡ ವಂಶಾವಳಿ ಗ್ರಂಥವು ಎರಡೂ ಶಾಖೆಗಳನ್ನು ಒಂದೇ ರಟ್ಟಿನೊಳಗೆ ಸೇರಿಸಿಟ್ಟಿದೆ. ಬ್ಲೂಮಿಂಗ್‌ಡೇಲ್ ಎಂದೊಡನೆ ನ್ಯೂಯಾರ್ಕಿನ ಪ್ರಸಿದ್ಧ ಮಳಿಗೆ ನೆನಪಾಗುವುದು ಸಹಜ. ಆದರೆ 1872ರಲ್ಲಿ ಆ ಮಳಿಗೆಯನ್ನು ಕಟ್ಟಿದ ಸಹೋದರರ ತಂದೆ ಬವೇರಿಯಾದಿಂದ ಬಂದ ಯಹೂದಿ. ಹಾಗಾಗಿ ಬ್ಲೂಮಿಂಗ್‌ಡೇಲ್ ಎಂಬ ಒಂದೇ ಹೆಸರಿನ ಕೆಳಗೆ ಗೆಲ್ಡರ್ಲೆಂಡಿನ ರೈತನ ವಂಶವೂ ಇದೆ, ಬವೇರಿಯಾದ ವ್ಯಾಪಾರಿಯ ವಂಶವೂ ಇದೆ.

ವ್ಯಾನ್ ಬ್ಯೂರನ್ ಎಂಬುದರಲ್ಲಿಯೂ ಹೀಗೆಯೇ ಬೇರೆ ಬೇರುಗಳಿವೆ. 1736ರಲ್ಲಿ ನ್ಯೂಯಾರ್ಕ್ ನಗರದ ಬಡವರ ಆಶ್ರಯಮನೆಯಲ್ಲಿ ಆರು ಹಾಸಿಗೆಗಳ ಒಂದು ಕೋಣೆಯನ್ನು ರೋಗಿಗಳಿಗಾಗಿ ತೆರೆದರು. ಮುಂದೆ ಬೆಲ್‌ವ್ಯೂ ಆಸ್ಪತ್ರೆಯಾಗಿ ಬೆಳೆದದ್ದು ಅದೇ. ಅದರ ಮೊದಲ ವೈದ್ಯರು ಡಾಕ್ಟರ್ ಜಾನ್ ವ್ಯಾನ್ ಬ್ಯೂರನ್. ಅವರ ಮನೆಯವರು ಹೆಸರಿನ ನಡುವೆ ಒಂದು ಅಕ್ಷರ ಹೆಚ್ಚಿಸಿಯೂ ಬರೆಯುತ್ತಿದ್ದರು. ಪಾಪ್ಸ್‌ಕನೀಯ ರೈತನ ವಂಶಕ್ಕೂ ಅವರಿಗೂ ಸಂಬಂಧವಿಲ್ಲ. ಇನ್ನು ಊರ ಹೆಸರು ಅರಮನೆಗೂ ಹೋಗಿದೆ. 1551ರಲ್ಲಿ ಬ್ಯೂರನ್ನಿನ ಕೌಂಟ್ ಮನೆತನದ ಆನ್ನಾ, ವಿಲಿಯಂ ಆಫ್ ಆರೆಂಜ್‌ನನ್ನು ಮದುವೆಯಾದಳು. ಅಂದಿನಿಂದ ಬ್ಯೂರನ್ನಿನ ಕೌಂಟ್ ಎಂಬ ಬಿರುದು ನೆದರ್ಲೆಂಡ್ಸ್‌ನ ಆರೆಂಜ್ ರಾಜಮನೆತನಕ್ಕೆ ಸೇರಿತು. 1986ರಲ್ಲಿ ಆ ದೇಶದ ಉತ್ತರದ ಪ್ರಾಂತ್ಯವಾದ ಫ್ರೀಸ್ಲೆಂಡಿನ ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಹನ್ನೊಂದು ಪಟ್ಟಣಗಳನ್ನು ಸುತ್ತುವ ಸುಮಾರು 200 ಕಿಲೋಮೀಟರಿನ ಸ್ಕೇಟಿಂಗ್ ಓಟದಲ್ಲಿ ಡಬ್ಲ್ಯೂ. ಎ. ವ್ಯಾನ್ ಬ್ಯೂರನ್ ಎಂಬ ಹದಿನೆಂಟರ ಯುವಕ ಹೆಸರು ನೋಂದಾಯಿಸಿದ್ದ. ಅವನು ಯುವರಾಜ ವಿಲ್ಲೆಮ್ ಅಲೆಕ್ಸಾಂಡರ್, ಇಂದಿನ ದೊರೆ. 1992ರ ನ್ಯೂಯಾರ್ಕ್ ಮ್ಯಾರಥಾನ್‌ನಲ್ಲಿಯೂ ಅವನು ಇದೇ ಹೆಸರಿನಲ್ಲಿ ಓಡಿದ. ರಾಜಕುಮಾರನೊಬ್ಬ ಜನರ ನಡುವೆ ಗುರುತು ಸಿಗದೆ ಬೆರೆಯಲು ಆರಿಸಿಕೊಂಡ ಹೆಸರು, ನ್ಯೂಯಾರ್ಕಿನ ಒಕ್ಕಲು ಮಕ್ಕಳನ್ನು ಶ್ವೇತಭವನದವರೆಗೆ ಕರೆದೊಯ್ದಿತ್ತು.

ಆ ಶ್ವೇತಭವನದ ದಾರಿ ಹೊರಟದ್ದು ಕಿಂಡರ್‌ಹುಕ್ ಎಂಬ ಹಳ್ಳಿಯಿಂದ. ಆಲ್ಬನಿಯಿಂದ ಅದು ಕಾರಿನಲ್ಲಿ ಅರ್ಧ ಗಂಟೆಯ ಹಾದಿ. 1782ರ ಡಿಸೆಂಬರ್ 5ರಂದು ಅಲ್ಲಿ ಏಬ್ರಹಾಂ ವ್ಯಾನ್ ಬ್ಯೂರನ್ ಎಂಬ ರೈತನಿಗೆ ಮಗ ಮಾರ್ಟಿನ್ ಹುಟ್ಟಿದ. ಏಬ್ರಹಾಂ ಹೆದ್ದಾರಿಯ ಪಕ್ಕದಲ್ಲಿ ಒಂದು ಪಾನಗೃಹವನ್ನೂ ನಡೆಸುತ್ತಿದ್ದ. ಮಗು ಮನೆಯಲ್ಲಿ ಕಲಿತದ್ದು ಡಚ್ ನುಡಿ. ಇಂಗ್ಲಿಷ್ ಕಲಿತದ್ದು ಶಾಲೆಯಲ್ಲಿ. ಇಂಗ್ಲಿಷ್ ಮಾತೃಭಾಷೆಯಲ್ಲದ ಏಕೈಕ ಅಮೆರಿಕನ್ ಅಧ್ಯಕ್ಷ ಎಂಬ ಮಾತು ಇಂದಿಗೂ ಅವರಿಗೇ ಸಲ್ಲುತ್ತದೆ. ಇಂಗ್ಲಿಷರು ಬಂದು 118 ವರ್ಷಗಳಾದ ಮೇಲೂ ಒಂದು ಹಳ್ಳಿಯ ಅಡುಗೆಮನೆಯಲ್ಲಿ ಡಚ್ ಉಳಿದಿತ್ತು ಎಂಬುದು ನನ್ನಂತಹ ಮನೆಮಾತಿನ ಚಿಂತೆಯುಳ್ಳ ವಲಸಿಗನಿಗೆ ಬಹಳ ದೊಡ್ಡ ಸಂಗತಿ. ಅದನ್ನು ಉಳಿಸಿದ್ದು ಚರ್ಚು. ನ್ಯೂಯಾರ್ಕ್ ನಗರದ ಡಚ್ ಚರ್ಚಿನಲ್ಲಿಯೇ ಇಂಗ್ಲಿಷ್ ಪ್ರವಚನ ಆರಂಭವಾದದ್ದು 1764ರಲ್ಲಿ. ಹಳ್ಳಿಗಳಲ್ಲಿ ಇನ್ನೂ ತಡ. ಮದುವೆಗಳೂ ಒಳಗೊಳಗೇ ನಡೆಯುತ್ತಿದ್ದವು. ಮಾರ್ಟಿನ್ ಅವರ ತಾಯಿಯೂ ಹೂಸ್ ಮನೆತನದವಳು, ಹೆಂಡತಿ ಹ್ಯಾನಾ ಕೂಡ ಅದೇ ಮನೆತನದವಳು. ತಮ್ಮ ವಂಶದಲ್ಲಿ ಡಚ್ಚರಲ್ಲದವರೊಡನೆ ಮೊದಲ ಸಂಬಂಧ ಬೆಳೆದದ್ದು ತಮ್ಮ ಹಿರಿಯ ಮಗನ ಮದುವೆಯಲ್ಲಿ ಎಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆ ಮದುವೆ ನಡೆದದ್ದು 1838ರಲ್ಲಿ, ಅಂದರೆ ಕಾರ್ನೆಲಿಸ್ ಹಡಗಿನಿಂದಿಳಿದು ಇನ್ನೂರು ವರ್ಷಗಳು ಕಳೆದ ಮೇಲೆ.

ಆದರೆ ಆ ಅಡುಗೆಮನೆಯಲ್ಲಿ ಡಚ್ ಮಾತನಾಡುತ್ತಿದ್ದವರೆಲ್ಲ ವ್ಯಾನ್ ಬ್ಯೂರನ್ನರಲ್ಲ. ಏಬ್ರಹಾಂ ಅವರ ಮನೆಯಲ್ಲಿ ಆರು ಮಂದಿ ಗುಲಾಮರಿದ್ದರು. 1790ರಲ್ಲಿ ನಡೆದ ದೇಶದ ಮೊದಲ ಜನಗಣತಿಯ ಹಾಳೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು. ಎಡಕ್ಕೆ ಮನೆಯ ಯಜಮಾನನ ಹೆಸರು, ಬಲಕ್ಕೆ ಅಂಕಿಗಳ ಕಂಬಸಾಲುಗಳು: ಹದಿನಾರು ದಾಟಿದ ಬಿಳಿಯ ಗಂಡಸರು, ಹದಿನಾರರ ಕೆಳಗಿನವರು, ಬಿಳಿಯ ಹೆಂಗಸರು, ಇತರ ಸ್ವತಂತ್ರ ಜನರು, ಕೊನೆಗೆ ಗುಲಾಮರು. ಆ ಕೊನೆಯ ಕಂಬಸಾಲಿನಲ್ಲಿ ಒಂದು ಹೆಸರೂ ಇಲ್ಲ. ಅಂದು ನ್ಯೂಯಾರ್ಕ್ ರಾಜ್ಯವೊಂದರಲ್ಲಿಯೇ 21 ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ಅಂಕಿಗಳಾಗಿ ಮಾತ್ರ ದಾಖಲಾದರು. ಹಡ್ಸನ್ ಕಣಿವೆಯ ಡಚ್ ಹೊಲಮನೆಗಳಲ್ಲಿ ಅವರ ಪ್ರಮಾಣ ಹೆಚ್ಚಾಗಿತ್ತು. ಮಾರ್ಟಿನ್ ಅವರಿಗೂ ಟಾಮ್ ಎಂಬ ಗುಲಾಮನಿದ್ದ. ಅವನು 1814ರಲ್ಲಿ ತಪ್ಪಿಸಿಕೊಂಡು ಹೋದ. ಹತ್ತು ವರ್ಷಗಳ ನಂತರ ಮ್ಯಾಸಚೂಸೆಟ್ಸ್‌ನಲ್ಲಿ ಅವನ ಪತ್ತೆಯಾಗಿ, ಒಬ್ಬನು ಅವನನ್ನು ಕೊಳ್ಳಲು ಮುಂದೆ ಬಂದಾಗ, ಹಿಂಸೆಯಿಲ್ಲದೆ ಹಿಡಿಯುವುದಾದರೆ 50 ಡಾಲರಿಗೆ ಮಾರುವುದಕ್ಕೆ ಮಾರ್ಟಿನ್ ಒಪ್ಪಿಗೆ ಸೂಚಿಸಿದರು. ಅಧ್ಯಕ್ಷರ ವಂಶ ಹಲವು ತಲೆಮಾರು ಹಿಂದಕ್ಕೆ ಸಿಗುತ್ತದೆ; ಟಾಮ್‌ನ ವಿಷಯದಲ್ಲಿ ಉಳಿದಿರುವುದು ಟಾಮ್ ಎಂಬ ಎರಡಕ್ಷರ. ಈ ಅಸಮಾನತೆಯನ್ನು ಹೇಳದೆ ಈ ಹೆಸರಿನ ಚರಿತ್ರೆಯನ್ನು ಬರೆಯುವುದು ಅನ್ಯಾಯವೆಂದು ನಾನು ಭಾವಿಸುತ್ತೇನೆ.

ಹೆಸರಿಲ್ಲದವರಿಗೆ ಹೆಸರು ಬಂದದ್ದು ಸ್ವಾತಂತ್ರ್ಯದ ಜೊತೆಗೆ. ನ್ಯೂಯಾರ್ಕ್ ರಾಜ್ಯವು 1799ರಲ್ಲಿ ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸುವ ಕಾನೂನು ಮಾಡಿ, 1827ರಲ್ಲಿ ಅದನ್ನು ಪೂರ್ತಿಯಾಗಿ ತೆಗೆದುಹಾಕಿತು. ಅದಕ್ಕೆ ಒಂದು ವರ್ಷ ಮೊದಲು ಅಲ್‌ಸ್ಟರ್ ಕೌಂಟಿಯಲ್ಲಿ ಇಸಬೆಲ್ಲಾ ಎಂಬ ಹೆಂಗಸು ಎಳೆಯ ಮಗಳನ್ನು ಎತ್ತಿಕೊಂಡು ಯಜಮಾನನ ಮನೆಯಿಂದ ನಡೆದು ಹೊರಟಳು. ಡಚ್ ಮನೆಯಲ್ಲಿ ಹುಟ್ಟಿದ ಅವಳಿಗೂ ಬಾಲ್ಯದಲ್ಲಿ ಡಚ್ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಅವಳಿಗೆ ಆಶ್ರಯ ಕೊಟ್ಟವರು ವ್ಯಾನ್ ವಾಗೆನನ್ ದಂಪತಿಗಳು. ಹುಡುಕಿಕೊಂಡು ಬಂದ ಯಜಮಾನನಿಗೆ ಅವರು ಅವಳ ಉಳಿದ ಅವಧಿಗೆ 20 ಡಾಲರ್, ಮಗುವಿಗೆ 5 ಡಾಲರ್ ಕೊಟ್ಟು ಕಳಿಸಿದರು. ಅವಳು ಆ ಮನೆಯ ಹೆಸರನ್ನು ತನ್ನದಾಗಿಸಿಕೊಂಡಳು. ಕಾನೂನು ಮೀರಿ ದಕ್ಷಿಣಕ್ಕೆ ಮಾರಾಟವಾಗಿದ್ದ ತನ್ನ ಮಗ ಪೀಟರ್‌ನನ್ನು ಬಿಡಿಸಿಕೊಳ್ಳಲು ಅವಳು ನ್ಯಾಯಾಲಯದ ಮೆಟ್ಟಿಲು ಹತ್ತಿ ಗೆದ್ದ 1828ರ ಮೊಕದ್ದಮೆಯ ಕಾಗದಗಳಲ್ಲಿ ಇರುವುದು ಇಸಬೆಲ್ಲಾ ವ್ಯಾನ್ ವಾಗೆನನ್ ಎಂಬ ಹೆಸರು. ಮುಂದೆ 1843ರಲ್ಲಿ ಅವಳು ಸೋಜರ್ನರ್ ಟ್ರೂತ್ ಎಂದು ತಾನೇ ಹೆಸರಿಟ್ಟುಕೊಂಡು ದೇಶವೇ ಕಿವಿಗೊಡುವ ಮಾತುಗಾರ್ತಿಯಾದಳು. ಹಾರ್ಲೆಮ್‌ನ ಜನಜೀವನವನ್ನು ದಶಕಗಳ ಕಾಲ ಸೆರೆಹಿಡಿದ ಕಪ್ಪು ಛಾಯಾಗ್ರಾಹಕ ಜೇಮ್ಸ್ ವ್ಯಾನ್ ಡರ್ ಝೀ ಅವರ ಹೆಸರನ್ನೂ ಇಲ್ಲಿ ನೆನೆಯಬೇಕು. ಡಚ್ ಹೆಸರು ಎಂದರೆ ಬಿಳಿಯರ ಹೆಸರು ಎಂದು ತಿಳಿಯುವವರಿಗೆ ಈ ಇಬ್ಬರೇ ಸಾಕಾದ ಉತ್ತರ.

ಇನ್ನು ನಕ್ಷೆಯ ಮೇಲಿನ ಹೆಸರುಗಳ ವಿಷಯ. ಮಿಷಿಗನ್ನಿನ ಕೌಂಟಿಗೆ 1829ರಲ್ಲಿ ಹೆಸರಿಟ್ಟಾಗ ಮಾರ್ಟಿನ್ ಅವರು ಇನ್ನೂ ಅಧ್ಯಕ್ಷರಾಗಿರಲಿಲ್ಲ. ಆಂಡ್ರೂ ಜಾಕ್ಸನ್ ಅವರ ಸಂಪುಟದಲ್ಲಿ ವಿದೇಶಾಂಗ ಮಂತ್ರಿಯಾಗಿದ್ದರು, ಮತ್ತು ಆ ಸಂಪುಟದ ಹಲವು ಮಂತ್ರಿಗಳ ಹೆಸರನ್ನು ಅಲ್ಲಿನ ಕೌಂಟಿಗಳಿಗೆ ಸಾಲಾಗಿ ಇಟ್ಟರು. ಮಿಸ್ಸೂರಿಯಲ್ಲಿಯೂ ಒಂದು ವ್ಯಾನ್ ಬ್ಯೂರನ್ ಕೌಂಟಿ ಇತ್ತು. 1848ರಲ್ಲಿ ಮಾರ್ಟಿನ್ ಅವರು ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸುವ ಫ್ರೀ ಸಾಯಿಲ್ ಪಕ್ಷದಿಂದ ಚುನಾವಣೆಗೆ ನಿಂತದ್ದು ಆ ರಾಜ್ಯದವರಿಗೆ ಸಹಿಸಲಾಗಲಿಲ್ಲ. ಮರುವರ್ಷವೇ ಆ ಹೆಸರನ್ನು ಅಳಿಸಿ, ಅದೇ ಚುನಾವಣೆಯಲ್ಲಿ ಡೆಮಾಕ್ರಾಟಿಕ್ ಪಕ್ಷದಿಂದ ನಿಂತಿದ್ದ ಲೂಯಿಸ್ ಕ್ಯಾಸ್ ಅವರ ಹೆಸರನ್ನು ಇಟ್ಟರು. ಒಂದು ಕಾಲಕ್ಕೆ ತಾವೇ ಗುಲಾಮನನ್ನು ಇಟ್ಟುಕೊಂಡಿದ್ದವರು ಇನ್ನೊಂದು ಕಾಲಕ್ಕೆ ಗುಲಾಮಗಿರಿಯ ವಿರೋಧಿಯೆಂದು ನಕ್ಷೆಯಿಂದ ಹೊರಬಿದ್ದರು. ಓಕೆ ಎಂಬ ಎರಡಕ್ಷರ ಜಗತ್ತಿಗೆಲ್ಲ ಹರಡಿದ್ದರಲ್ಲಿ 1840ರ ಚುನಾವಣೆಯ ಪಾತ್ರವೂ ಇದೆ. ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ ಹಿಂದಿನ ವರ್ಷ ಅಚ್ಚಾಗಿದ್ದ ಆ ಸಂಕ್ಷೇಪವನ್ನು ಮಾರ್ಟಿನ್ ಅವರ ಬೆಂಬಲಿಗರು 'ಓಲ್ಡ್ ಕಿಂಡರ್‌ಹುಕ್' ಎಂದು ಬಿಡಿಸಿ ಓದಿ, ಓಕೆ ಕ್ಲಬ್ಬುಗಳನ್ನು ಕಟ್ಟಿದರು.

ಡಚ್ ಹೆಸರುಗಳ ಎರಡನೆಯ ಅಲೆ ಬಂದದ್ದು ಆ ಬಳಿಕ, ಮತ್ತು ಅದರ ಬಣ್ಣವೇ ಬೇರೆ. 1847ರಲ್ಲಿ ಪಾದ್ರಿ ವ್ಯಾನ್ ರಾಲ್ಟೆ ಅವರ ಹಿಂದೆ ಬಂದವರು ಮಿಷಿಗನ್ನಿನಲ್ಲಿ ಹಾಲೆಂಡ್ ಎಂಬ ಊರನ್ನು ಕಟ್ಟಿದರು. ಅದೇ ವರ್ಷ ಪಾದ್ರಿ ಸ್ಖೋಲ್ಟೆ ಅವರ ಹಿಂದೆ ಬಂದವರು ಅಯೋವಾದಲ್ಲಿ ಪೆಲ್ಲಾವನ್ನು ಕಟ್ಟಿದರು. ಇವರು ಹಡಗು ಹತ್ತುವ ವೇಳೆಗೆ ನೆದರ್ಲೆಂಡ್ಸ್‌ನಲ್ಲಿಯೇ ಹೆಸರುಗಳು ಗಟ್ಟಿಯಾಗಿದ್ದವು. ನೆಪೋಲಿಯನ್ ಆ ದೇಶವನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡು 1811ರ ಆಗಸ್ಟಿನಲ್ಲಿ ಹೊರಡಿಸಿದ ಆಜ್ಞೆಯಂತೆ, ಮನೆತನದ ಹೆಸರಿಲ್ಲದವರೆಲ್ಲರೂ ಒಂದನ್ನು ಆರಿಸಿಕೊಂಡು ನೋಂದಾಯಿಸಬೇಕಾಗಿತ್ತು. ಹಡ್ಸನ್ ಕಣಿವೆಯಲ್ಲಿ ಇಂಗ್ಲಿಷರ ಕಡತಗಳು ನಿಧಾನವಾಗಿ ಮಾಡಿಸಿದ್ದನ್ನು ಅಲ್ಲಿ ಒಂದು ಆಜ್ಞೆ ಮಾಡಿಸಿತು. ಆದ್ದರಿಂದ ಮಿಷಿಗನ್ ಕಡೆ ಹೋದರೆ ವ್ಯಾನ್ ಬ್ಯೂರನ್, ವ್ಯಾನ್ ರೆನ್ಸೆಲಾರ್, ಸ್ಕೈಲರ್‌ಗಳಿಗಿಂತ ಡಿವ್ರೀಸ್, ಹುಕ್‌ಸ್ಟ್ರಾ, ಡೈಕ್‌ಸ್ಟ್ರಾಗಳು ಹೆಚ್ಚು ಸಿಗುತ್ತಾರೆ. 'ಸ್ಟ್ರಾ' ಎಂಬ ಬಾಲವಿದ್ದರೆ ಮೂಲ ಫ್ರೀಸ್ಲೆಂಡ್ ಎಂದು ಬಹುಮಟ್ಟಿಗೆ ನಂಬಬಹುದು. ಡಿವ್ರೀಸ್ ಎಂಬುದೂ ಫ್ರೀಸ್ಲೆಂಡಿನವನು ಎಂದೇ. ನೆದರ್ಲೆಂಡ್ಸ್‌ನಲ್ಲಿ ಆ ಹೆಸರಿನವರು 2007ರಲ್ಲಿ 70 ಸಾವಿರಕ್ಕೂ ಹೆಚ್ಚಿದ್ದರು.

ಇಂದು ಈ ಹೆಸರುಗಳನ್ನು ಎಣಿಸುವುದು ತೋರುವಷ್ಟು ಸುಲಭವಲ್ಲ. ಜನಗಣತಿ ಇಲಾಖೆಯು 2010ರ ಗಣತಿಯಲ್ಲಿ ನೂರು ಅಥವಾ ಹೆಚ್ಚು ಮಂದಿಗೆ ಇದ್ದ ಮನೆತನದ ಹೆಸರುಗಳ ಪಟ್ಟಿಯನ್ನು ಪ್ರಕಟಿಸಿದೆ. ಅದರಲ್ಲಿ 1 ಲಕ್ಷ 62 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಆ ಕಡತದಲ್ಲಿ ಎಲ್ಲವೂ ದೊಡ್ಡಕ್ಷರಗಳಲ್ಲಿ, ನಡುವೆ ತೆರಪಿಲ್ಲದೆ ಇವೆ. ಬಿಡಿಸಿ ಬರೆಯುವ ಮನೆಯವರೂ ಕೂಡಿಸಿ ಬರೆಯುವ ಮನೆಯವರೂ ವ್ಯಾನ್‌ಬ್ಯೂರನ್ ಎಂಬ ಒಂದೇ ಸಾಲಿನಲ್ಲಿ ಬೆರೆತುಹೋಗುತ್ತಾರೆ. ಅಕಾರಾದಿಯಲ್ಲಿ ಕೆಳಗಿಳಿಯುತ್ತ ಹೋದರೆ ವಿಯೆಟ್ನಾಮಿನ ವ್ಯಾನ್, ಗೆಲ್ಡರ್ಲೆಂಡಿನ ವ್ಯಾನ್‌ಬ್ಯೂರನ್, ಇಂಗ್ಲೆಂಡಿನ ವ್ಯಾನ್ಸ್, ಉಟ್ರೆಕ್ಟ್ ಬಳಿಯ ಡಿ ಬಿಲ್ಟ್ ಹಳ್ಳಿಯ ವ್ಯಾಂಡರ್‌ಬಿಲ್ಟ್, ನಂತರ ಲಾವೋಸಿನ ಬೆಟ್ಟಗಳಿಂದ 1975ರ ಬಳಿಕ ಬಂದ ಹ್ಮಾಂಗ್ ಜನರ ವಾಂಗ್ ಎಲ್ಲವೂ ನೆರೆಹೊರೆಯಾಗಿವೆ. ಮೂಲವನ್ನು ಕೇಳಿ ಎಣಿಸೋಣವೆಂದರೆ ಅದೂ ಅಲುಗಾಡುವ ನೆಲ. 1990ರ ಗಣತಿಯಲ್ಲಿ ಸುಮಾರು 62 ಲಕ್ಷ ಮಂದಿ ತಾವು ಡಚ್ ಮೂಲದವರೆಂದು ಹೇಳಿಕೊಂಡರು. 2000ದಲ್ಲಿ ಆ ಸಂಖ್ಯೆ ಸುಮಾರು 45 ಲಕ್ಷ. ಹತ್ತು ವರ್ಷಗಳಲ್ಲಿ 17 ಲಕ್ಷ ಡಚ್ಚರು ಎಲ್ಲಿಗೂ ಹೋಗಲಿಲ್ಲ, ಉತ್ತರ ಬದಲಾಯಿತು.

ಆದರೂ ಒಂದು ಕಾಲದಲ್ಲಿ ಅಮೆರಿಕದ ಸರ್ಕಾರ ಹೆಸರುಗಳ ಎಣಿಕೆಯನ್ನೇ ಕಾನೂನಿನ ಬುನಾದಿಯಾಗಿಸಿತು. ಈ ಹೆಸರಿನ ಬೆನ್ನು ಹತ್ತಿದವನಿಗೆ ನನ್ನ ಮಟ್ಟಿಗೆ ಅತಿ ಮುಖ್ಯವಾದ ಅಧ್ಯಾಯ ಇದೇ. 1924ರ ವಲಸೆ ಕಾನೂನು ಮೊದಲಿಗೆ 1890ರಲ್ಲಿ ಅಮೆರಿಕದಲ್ಲಿದ್ದ ಪ್ರತಿ ದೇಶದ ವಲಸಿಗರ ಶೇಕಡಾ 2ರಷ್ಟು ಮಂದಿಗೆ ಪ್ರವೇಶ ಕೊಟ್ಟಿತು. ಆ ಲೆಕ್ಕದಲ್ಲಿ ನೆದರ್ಲೆಂಡ್ಸ್‌ಗೆ ವರ್ಷಕ್ಕೆ ಸಿಕ್ಕದ್ದು 1,648 ಸ್ಥಾನ. 1929ರಿಂದ ಲೆಕ್ಕದ ವಿಧಾನ ಬದಲಾಯಿತು: ಇಡೀ ಜನಸಂಖ್ಯೆಯ ಪೂರ್ವಜರು ಯಾವ ದೇಶದವರು ಎಂದು ಕಂಡುಹಿಡಿದು, ಆ ಅನುಪಾತದಲ್ಲಿ ಸ್ಥಾನಗಳನ್ನು ಹಂಚಬೇಕೆಂದಾಯಿತು. 1790ರ ಗಣತಿಯಲ್ಲಿ ಹುಟ್ಟಿದ ದೇಶವನ್ನು ಕೇಳಿರಲಿಲ್ಲ. ಉಳಿದಿದ್ದದ್ದು ಮನೆಯ ಯಜಮಾನರ ಹೆಸರುಗಳು ಮಾತ್ರ. ವಿದ್ವಾಂಸರ ಒಂದು ಸಮಿತಿ ಕುಳಿತು ಆ ಹೆಸರುಗಳನ್ನು ಜರಡಿ ಹಿಡಿಯಿತು. ನ್ಯೂಯಾರ್ಕಿನ ಬಿಳಿಯರಲ್ಲಿ ಸುಮಾರು ಆರರಲ್ಲೊಬ್ಬರು ಡಚ್ಚರಾಗಿದ್ದರು ಎಂಬುದು ಅದರ ಅಂದಾಜು. ಹೊಸ ವಿಧಾನದಲ್ಲಿ ನೆದರ್ಲೆಂಡ್ಸ್‌ನ ಪಾಲು 3,153ಕ್ಕೆ ಏರಿತು. ಪಾಪ್ಸ್‌ಕನೀಯ ರೈತನ ಮೊಮ್ಮಕ್ಕಳು ಹಿಡಿದು ನಿಂತ ಹೆಸರು, ಇನ್ನೂರು ವರ್ಷಗಳ ನಂತರ ರಾಟರ್ಡ್ಯಾಮಿನಲ್ಲಿ ಹಡಗಿಗೆ ಕಾಯುತ್ತಿದ್ದ ಅಪರಿಚಿತನಿಗೆ ವೀಸಾ ಆಯಿತು.

ಈ ಲೆಕ್ಕದಿಂದ ಯಾರನ್ನು ಹೊರಗಿಟ್ಟರು ಎಂಬುದನ್ನು ಕಾನೂನೇ ಸ್ಪಷ್ಟವಾಗಿ ಬರೆದಿತ್ತು: ಗುಲಾಮರಾಗಿ ಬಂದವರ ಸಂತತಿ, ಮೂಲನಿವಾಸಿಗಳ ಸಂತತಿ, ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಮತ್ತು ಅವರ ಸಂತತಿ. ಅಂದರೆ ವ್ಯಾನ್ ವಾಗೆನನ್ ಎಂಬ ಹೆಸರಿನ ಬಿಳಿಯ ಮನೆ ಡಚ್ಚರ ಲೆಕ್ಕಕ್ಕೆ ಸೇರುತ್ತಿತ್ತು. ಅದೇ ಹೆಸರು ಹೊತ್ತ ಕಪ್ಪು ಮನೆ ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಪೌರತ್ವಕ್ಕೆ ಅರ್ಹರಲ್ಲದವರ ಸಾಲಿನಲ್ಲಿ ಭಾರತೀಯರೂ ಇದ್ದೆವು. 1923ರಲ್ಲಿ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಹಾಗೆಂದು ತೀರ್ಪಿತ್ತಿತ್ತು. 1946ರಲ್ಲಿ ಆ ಬಾಗಿಲು ತೆರೆದಾಗ ಇಡೀ ಭಾರತಕ್ಕೆ ಸಿಕ್ಕದ್ದು ವರ್ಷಕ್ಕೆ 100 ಸ್ಥಾನ. 1965ರ ಕಾನೂನು ಈ ಮೂಲದೇಶದ ಲೆಕ್ಕವನ್ನೇ ಕಿತ್ತುಹಾಕಿದ ಮೇಲಷ್ಟೇ ಇಂದು ಈ ದೇಶದಲ್ಲಿರುವ ಕನ್ನಡಿಗರಲ್ಲಿ ಬಹುಪಾಲು ಜನರಿಗೆ ಇಲ್ಲಿಗೆ ಬರುವ ದಾರಿ ಸಿಕ್ಕಿತು. ಹೀಗೆ ಬಂದ ನಾವೂ ಅರ್ಜಿಯಲ್ಲಿ ಕೊನೆಯ ಹೆಸರಿನ ಚೌಕವನ್ನು ತುಂಬಿಸಬೇಕಾಗಿ ಬಂದಾಗ, ಕೆಲವರು ತಂದೆಯ ಹೆಸರನ್ನು, ಕೆಲವರು ಊರಿನ ಹೆಸರನ್ನು ಬರೆದೆವು. ನನ್ನ ತಂದೆಯ ಹೆಸರು ಈಗ ನನ್ನ ಮಕ್ಕಳ ಮನೆತನದ ಹೆಸರಾಗಿದೆ. ಊರಿನಲ್ಲಿರುವ ನನ್ನ ತಮ್ಮನ ಮಕ್ಕಳಿಗೆ ಅದು ಇಲ್ಲ.

ಹಡ್ಸನ್ ಕಣಿವೆಯ ಡಚ್ ಹೆಸರೊಂದರ ಮೂಲವನ್ನು ಹುಡುಕಬೇಕೆನ್ನುವವರಿಗೆ ಕೆಲಸಕ್ಕೆ ಬರುವ ಒಂದೆರಡು ಮಾತುಗಳನ್ನು ಹೇಳಿ ನಿಲ್ಲಿಸುತ್ತೇನೆ. 1700ಕ್ಕಿಂತ ಹಿಂದಿನ ಕಾಗದಗಳಲ್ಲಿ ವ್ಯಾನ್ ಬ್ಯೂರನ್ ಎಂದು ಹುಡುಕಿದರೆ ಸಿಗುವುದು ಸ್ವಲ್ಪ; ಕಾರ್ನೆಲಿಸನ್, ಮಾರ್ಟೆನ್ಸೆ, ಪೀಟರ್ಸೆ ಎಂದು ತಂದೆಯ ಹೆಸರಿನಿಂದ ಹುಡುಕಬೇಕು. ನೆದರ್ಲೆಂಡ್ಸ್‌ನ ಸೂಚಿಗಳಲ್ಲಿ ವ್ಯಾನ್ ಎಂಬುದನ್ನು ಬಿಟ್ಟು ಬ್ಯೂರನ್ ಎಂಬುದರ ಮೊದಲ ಅಕ್ಷರವನ್ನು ನೋಡಬೇಕು, ಅಮೆರಿಕದಲ್ಲಿ ವ್ಯಾನ್ ಎಂಬುದರಿಂದಲೇ ಹುಡುಕಬೇಕು. ಹೆಂಗಸರನ್ನು ಅವರ ತಂದೆಯ ಹೆಸರಿನ ಕೆಳಗೆ ಹುಡುಕಬೇಕು. ಕುಟುಂಬ ಕಪ್ಪು ಜನರದಾಗಿದ್ದರೆ 1827ಕ್ಕಿಂತ ಮೊದಲು ಗುಲಾಮರ ದೀಕ್ಷಾಸ್ನಾನವನ್ನು ಯಜಮಾನನ ಹೆಸರಿನೊಡನೆ ಬರೆದಿಟ್ಟ ಡಚ್ ರಿಫಾರ್ಮ್ಡ್ ಚರ್ಚುಗಳ ಪುಸ್ತಕಗಳನ್ನೂ ಯಜಮಾನರ ಉಯಿಲುಗಳನ್ನೂ ತೆರೆಯಬೇಕು. ಡಚ್ ಕಾಲದ ಸರ್ಕಾರಿ ಪತ್ರಗಳನ್ನು ಆಲ್ಬನಿಯಲ್ಲಿ 1974ರಿಂದ ಕ್ರಮವಾಗಿ ಅನುವಾದಿಸುತ್ತ ಬಂದಿದ್ದಾರೆ; ಅವುಗಳಲ್ಲಿ ಬಹಳಷ್ಟು ಈಗ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಓದಲು ಸಿಗುತ್ತವೆ.